ಅರ್ಧ ಮೀಟರಿನ ಜಗಲಿ

ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಬರೆದ ಚಿತ್ರವೊಂದಿದೆ. ಇಂದೋರಿನ ಅಂಚಿನಲ್ಲಿ, ಹೆಚ್ಚಾಗಿ ಬಡವರಿಗೆಂದೇ ಅವರು ಯೋಜಿಸಿದ ‘ಅರಣ್ಯ’ ಬಡಾವಣೆಯ ಚಿತ್ರ ಅದು. ಬಡಾವಣೆಯ ನಕ್ಷೆ ಎಂದರೆ ಗೆರೆ, ಅಳತೆ, ದಿಕ್ಕು ತೋರುವ ಬಾಣ ಎಂದು ನಮ್ಮ ಕಣ್ಣಿಗೆ ರೂಢಿಯಾಗಿದೆ. ಇದು ಬೇರೆ. ರಾಜಸ್ಥಾನದ ಚಿಕಣಿ ಚಿತ್ರ ಬರೆಯುತ್ತಿದ್ದವರ ಹಾಗೆ ದೋಶಿ ಓಣಿಯನ್ನು ಮೇಲಿನಿಂದ ನೋಡಿದ್ದಾರೆ, ಮನೆಯ ಮುಖವನ್ನು ಎದುರು ನಿಂತು ನೋಡಿದ್ದಾರೆ, ಎರಡು ನೋಟಗಳನ್ನೂ ಒಂದೇ ಹಾಳೆಯ ಮೇಲೆ ಕೂಡಿಸಿಬಿಟ್ಟಿದ್ದಾರೆ. ನೋಡುವವರಿಗೆ ಒಂದೇ ಕಡೆ ನಿಂತು ಇಡೀ ಊರನ್ನು ಕಣ್ತುಂಬಿಕೊಳ್ಳಲು ಆಗುವುದಿಲ್ಲ. ಓಣಿ ಹಿಡಿದು ಹೋಗಬೇಕು, ತಿರುವು ಬಂದಲ್ಲಿ ತಿರುಗಬೇಕು, ಮೆಟ್ಟಿಲು ಕಂಡಲ್ಲಿ ಹತ್ತಬೇಕು.

ಈ ಬಗೆಯ ಚಿತ್ರದಲ್ಲಿ ದೂರದ ವಸ್ತು ಚಿಕ್ಕದಾಗುವುದಿಲ್ಲ. ಪಾಶ್ಚಾತ್ಯ ಕ್ರಮದಲ್ಲಿ ಬರೆದಿದ್ದರೆ ಎದುರಿನ ಎರಡು ಮನೆ ದೊಡ್ಡದಾಗಿ, ಓಣಿಯ ಕೊನೆಯ ಮನೆ ಒಂದು ಚುಕ್ಕಿಯಾಗಿ ಉಳಿಯುತ್ತಿತ್ತು. ಇಲ್ಲಿ ಪ್ರತಿ ಮನೆಗೂ ತನ್ನದೇ ಬಾಗಿಲು, ತನ್ನದೇ ಮೆಟ್ಟಿಲು. ಯಾರ ಮನೆಯೂ ಇನ್ನೊಬ್ಬರ ಮನೆಯ ಹಿನ್ನೆಲೆಯಾಗಿ ನಿಂತಿಲ್ಲ. ಸಾವಿರಾರು ಬಡ ಮನೆಗಳನ್ನು ಯೋಜಿಸಲು ಕೂತವರೊಬ್ಬರು ಪ್ರತಿ ಮನೆಗೂ ಮುಖ ಕೊಟ್ಟು ಬರೆದಿದ್ದಾರೆ ಎಂಬುದೇ ನನಗೆ ಈ ಚಿತ್ರದ ದೊಡ್ಡ ಸೊಗಸು. ಸರ್ಕಾರಿ ವಸತಿ ಯೋಜನೆಗಳ ಕಡತಗಳಲ್ಲಿ ಬಡವರು ಸಾಮಾನ್ಯವಾಗಿ ಒಂದು ಸಂಖ್ಯೆ. ಮನೆಗಳಿಗೂ ‘ಟೈಪ್ ಎ’, ‘ಟೈಪ್ ಬಿ’ ಎಂಬ ಹೆಸರು. ಅಂಥ ಕಡತವೊಂದಕ್ಕಾಗಿ ಕೆಲಸ ಮಾಡುತ್ತಲೇ ದೋಶಿ ಈ ಚಿತ್ರವನ್ನು ಬರೆದರು.

ಕಡತದಲ್ಲಿದ್ದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಯೋಜನೆ. 85 ಹೆಕ್ಟೇರ್, ಅಂದರೆ ಸುಮಾರು 210 ಎಕರೆ ನೆಲ. 6,500ರಷ್ಟು ಮನೆ, 60,000 ಜನ. ಊರಿನ ನಡುವಿನಿಂದ ಆರು ಕಿಲೋಮೀಟರ್ ದೂರ. ದೋಶಿ ಸ್ಥಾಪಿಸಿದ್ದ ವಾಸ್ತುಶಿಲ್ಪ ಫೌಂಡೇಶನ್ 1983ರಲ್ಲಿ ಇದರ ನಕ್ಷೆ ತಯಾರಿಸಿತು. 1995ರಲ್ಲಿ ಇದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಸೈಟುಗಳಲ್ಲಿ ತೀರ ಚಿಕ್ಕದು 35 ಚದರ ಮೀಟರ್, ತೀರ ದೊಡ್ಡದು 475. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಚಿಕ್ಕದು ಇಪ್ಪತ್ತು–ಮೂವತ್ತರ ಸೈಟಿನ ಅರ್ಧಕ್ಕಿಂತ ತುಸು ಹೆಚ್ಚು. ದೊಡ್ಡದರಲ್ಲಿ ಮೂವತ್ತು–ನಲವತ್ತರ ನಾಲ್ಕು ಸೈಟು ಹಿಡಿಸುತ್ತವೆ. ಇವೆರಡೂ ಒಂದೇ ಬಡಾವಣೆಯಲ್ಲಿವೆ ಎಂಬುದನ್ನು ನೆನಪಿನಲ್ಲಿಡಿ, ಆ ಮಾತಿಗೆ ಆಮೇಲೆ ಬರುತ್ತೇನೆ.

ಗೆರೆ ಎಳೆಯುವ ಮುಂಚೆ ನಡೆದ ಕೆಲಸವೊಂದಿದೆ, ಅದು ನನಗೆ ಬಹಳ ಮೆಚ್ಚಿಕೆಯಾದದ್ದು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಕಡಿಮೆ ಖರ್ಚಿನ ಮನೆಗಳ ಬಗ್ಗೆ ಅಧ್ಯಯನ ಮಾಡುವ ತಂಡವೊಂದಿತ್ತು. ವಿಟೋಲ್ಡ್ ರಿಬ್ಚಿನ್‌ಸ್ಕಿ, ವಿಕ್ರಮ್ ಭಟ್ ಮೊದಲಾದವರು ಅದರಲ್ಲಿದ್ದರು. ಅವರೂ ದೋಶಿಯವರ ಸಂಸ್ಥೆಯವರೂ ಕೂಡಿ ಇಂದೋರಿನ ಕೊಳೆಗೇರಿಗಳಿಗೆ ಹೋದರು. ಅಲ್ಲಿ ಏನು ಇಲ್ಲ ಎಂಬ ಪಟ್ಟಿ ಮಾಡಲು ಯಾರು ಬೇಕಾದರೂ ಹೋಗಬಹುದಿತ್ತು. ನಲ್ಲಿಯಿಲ್ಲ, ಚರಂಡಿಯಿಲ್ಲ, ಹಕ್ಕುಪತ್ರವಿಲ್ಲ. ಇವರು ಅಲ್ಲಿ ಏನಿದೆ ಎಂದು ಬರೆದುಕೊಂಡರು. ಯಾವ ಮನೆಯ ಮುಂದೆ ಎಷ್ಟಗಲದ ಕಟ್ಟೆ ಇದೆ, ಮರ ಎಲ್ಲಿದೆ, ಅದರ ನೆರಳಿನಲ್ಲಿ ಯಾರು ಯಾವ ಕಸುಬು ಮಾಡುತ್ತಾರೆ, ಅಂಗಡಿ ಯಾವ ಮೂಲೆಯಲ್ಲಿ ಹುಟ್ಟಿಕೊಂಡಿದೆ, ಓಣಿ ಎಲ್ಲಿ ಕಿರಿದಾಗಿ ಎಲ್ಲಿ ಅಗಲವಾಗುತ್ತದೆ, ದನ ಎಲ್ಲಿ ಕಟ್ಟುತ್ತಾರೆ, ಸೈಕಲ್ಲು ಎಲ್ಲಿ ನಿಲ್ಲುತ್ತದೆ. ಎಲ್ಲವನ್ನೂ ಅಳೆದು ಬರೆದು 1984ರಲ್ಲಿ ವರದಿಯಾಗಿ ಪ್ರಕಟಿಸಿದರು. ಬಡವರು ತಾವೇ ಕಟ್ಟಿಕೊಂಡ ಕೇರಿಗೆ ಒಂದು ಬುದ್ಧಿಯಿದೆ, ಅದನ್ನು ಓದಿ ಕಲಿಯಬಹುದು ಎಂಬ ನಂಬಿಕೆ ಇಲ್ಲದವರು ಇಂಥ ವರದಿ ಬರೆಯಲಾರರು.

ಇಂದೋರಿಗೆ ಈ ವಿಷಯದಲ್ಲಿ ಹಳೆಯ ಪುಣ್ಯವೊಂದಿದೆ. ಹೋಳ್ಕರರ ಕಾಲದಲ್ಲಿ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಇಲ್ಲಿಗೆ ಬಂದು ನಗರ ಯೋಜನೆಯ ದೊಡ್ಡ ವರದಿ ಬರೆದ. 1918ರಲ್ಲಿ ಅದು ಅಚ್ಚಾಯಿತು. ಪ್ಲೇಗಿನ ದಿನಗಳು. ಊರು ಚೊಕ್ಕಟವಾಗಬೇಕಿತ್ತು. ಅದಕ್ಕಾಗಿ ಆತ ದೀಪಾವಳಿಯ ಹೊತ್ತಿಗೆ ಒಂದು ಮೆರವಣಿಗೆ ಹೂಡಿ, ಯಾವ ಬೀದಿಯವರು ಹೆಚ್ಚು ಚೊಕ್ಕಟ ಮಾಡುತ್ತಾರೋ ಆ ಬೀದಿಯಲ್ಲಿ ಮೆರವಣಿಗೆ ಸಾಗುತ್ತದೆ ಎಂದು ಸಾರಿಸಿದ. ಊರವರು ಉಮೇದಿನಿಂದ ಬೀದಿ ಗುಡಿಸಿದರು, ಮನೆಗಳಿಗೆ ಬಣ್ಣ ಬಳಿದರು. ಹಳೆಯ ಕೇರಿಗಳನ್ನು ಕೆಡವಿ ಅಗಲ ರಸ್ತೆ ಮಾಡುವುದೇ ಸುಧಾರಣೆ ಎಂದು ಎಂಜಿನಿಯರುಗಳು ನಂಬಿದ್ದ ಕಾಲದಲ್ಲಿ, ಇರುವ ಊರನ್ನು ಉಳಿಸಿಕೊಂಡು ಅಲ್ಲಲ್ಲಿ ಸಣ್ಣದಾಗಿ ಬಿಡಿಸಿ ಸರಿ ಮಾಡಿದರೆ ಸಾಕು ಎಂದು ವಾದಿಸಿದವನು ಅವನು. ಆ ಊರಿನಲ್ಲೇ ಅರವತ್ತೈದು ವರ್ಷದ ಮೇಲೆ ‘ಅರಣ್ಯ’ದ ನಕ್ಷೆ ಹುಟ್ಟಿತು ಎಂಬುದು ನನಗೆ ಸಂತೋಷದ ಸಂಗತಿ.

ಇನ್ನು ಆ ನಕ್ಷೆಯಲ್ಲಿ ಬಡ ಕುಟುಂಬಕ್ಕೆ ಕೊಟ್ಟದ್ದೇನು? ಒಂದು ಸೈಟು. ಅದರ ಮೇಲೆ ಕಾಂಕ್ರೀಟಿನ ಪಾಯ. ಒಂದು ಕಕ್ಕಸು, ಒಂದು ಬಚ್ಚಲು, ನೀರು, ವಿದ್ಯುತ್ತು. ತೀರ ಬಡವರಿಗೆ ಒಂದು ಕೋಣೆ ಕೂಡ. ಅಷ್ಟೆ. ಉಳಿದದ್ದನ್ನು ಮನೆಯವರೇ ಕಟ್ಟಿಕೊಳ್ಳಬೇಕು, ಇಟ್ಟಿಗೆಯೋ ಕಲ್ಲೋ, ಯಾವುದರಲ್ಲಿ ಬೇಕಾದರೂ, ಕೈಯಲ್ಲಿ ಕಾಸು ಓಡಾಡಿದಾಗ. ಮೊದಲ ಪಾವತಿಯನ್ನು ಕುಟುಂಬದ ಆದಾಯ ನೋಡಿ ಗೊತ್ತು ಮಾಡಿದರು, ಉಳಿದದ್ದು ತಿಂಗಳ ಕಂತು.

ಮೇಲುನೋಟಕ್ಕೆ ಇದು ಅರ್ಧಕ್ಕೆ ಕೈಬಿಟ್ಟ ಕೆಲಸದ ಹಾಗೆ ಕಾಣುತ್ತದೆ. ಮನೆ ಕಟ್ಟಿ ನೋಡು ಎಂಬ ಮಾತನ್ನು ಕೇಳುತ್ತಾ ಬೆಳೆದ ನಾವಾದರೂ ತುಸು ನಿಂತು ನೋಡಬೇಕು. ಸ್ವಂತ ಮನೆ ಕಟ್ಟುವ ಬಡವನಿಗೆ ನಿಜವಾಗಿ ಕಷ್ಟವಾಗುವುದು ಯಾವುದು? ಗೋಡೆಯಲ್ಲ. ಗೋಡೆಯನ್ನು ಭಾವಮೈದುನನ ಕೈ ಸೇರಿಸಿಕೊಂಡು ರಜೆಯ ದಿನಗಳಲ್ಲಿ ಎಬ್ಬಿಸಬಹುದು. ಸೂರಿಗೆ ಈ ವರ್ಷ ತಗಡು ಹೊದಿಸಿ, ಐದು ವರ್ಷ ಕಳೆದು ಆರ್‌ಸಿಸಿ ಹಾಕಿಸಬಹುದು. ಕಷ್ಟವಿರುವುದು ನೆಲದ ಕೆಳಗೆ. ಇಂದೋರ್ ಮಾಳವದ ಕರಿ ಎರೆ ನೆಲದ ಊರು. ಧಾರವಾಡ, ಗದಗ, ವಿಜಯಪುರದ ಕಡೆಯವರಿಗೆ ಆ ಮಣ್ಣಿನ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಪಾಯ ಸರಿಯಿಲ್ಲದ ಗೋಡೆ ಅಲ್ಲಿ ಎರಡು ಮಳೆಗಾಲ ತಾಳದೆ ಸೀಳು ಬಿಡುತ್ತದೆ. ಆ ಪಾಯವನ್ನೇ ಮೊದಲು ಕೊಟ್ಟರು. ಒಳಚರಂಡಿಯೂ ಹಾಗೆಯೇ. ಒಬ್ಬ ಮನುಷ್ಯ ಎಷ್ಟು ದುಡಿದರೂ ತನ್ನೊಬ್ಬನ ಮನೆಗೆ ಒಳಚರಂಡಿ ತರಲಾರ. ಅದು ಓಣಿಗೆ ಓಣಿಯೇ ಸೇರಿ ಮಾಡಿಕೊಳ್ಳಬೇಕಾದದ್ದು. ‘ಅರಣ್ಯ’ದಲ್ಲಿ ಇಪ್ಪತ್ತು ಮನೆಗೊಂದರಂತೆ ಸೆಪ್ಟಿಕ್ ಟ್ಯಾಂಕ್ ಮಾಡಿದರು. ನೀರಿನ ಮನೆಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿದ್ದರಿಂದ ಪೈಪಿನ ಉದ್ದ ಕಡಿಮೆಯಾಯಿತು, ಖರ್ಚೂ ಇಳಿಯಿತು.

ಇದನ್ನು ನೋಡುತ್ತಾ ಕೂತರೆ ಒಬ್ಬ ಕಲಾವಿದನ ಕೈ ಎಲ್ಲಿ ನಿಂತಿತು ಎಂಬುದು ತಿಳಿಯುತ್ತದೆ. ಒಬ್ಬೊಬ್ಬರಿಂದ ಆಗದ್ದನ್ನು ದೋಶಿ ಮಾಡಿಕೊಟ್ಟರು. ಮನೆಯವರು ತಮಗಿಂತ ಚೆನ್ನಾಗಿ ಮಾಡಬಲ್ಲದ್ದನ್ನು ಅವರಿಗೇ ಬಿಟ್ಟರು. ಹಿಂದೂಸ್ತಾನಿ ಸಂಗೀತದಲ್ಲಿ ತಬಲಾದ ಠೇಕಾ ನಡೆಯುತ್ತಿರುವಾಗ ಹಾಡುವವರಿಗೆ ಸಿಗುವ ಬಿಡುಗಡೆಯಂಥದ್ದು ಇದು. ತಾಳ ಗಟ್ಟಿಯಾಗಿ ನಿಂತಿರುವುದರಿಂದಲೇ ರಾಗವಿಸ್ತಾರಕ್ಕೆ ಧೈರ್ಯ. ವಾಸ್ತುಶಿಲ್ಪಿಗಳಿಗೆ ಬಿಡುವುದು ಸುಲಭವಲ್ಲ. ಕಿಟಕಿಯ ಚಿಲಕದವರೆಗೂ ತನ್ನದೇ ಗೆರೆ ಇರಬೇಕೆಂದು ಹಟ ಹಿಡಿಯುವ ಕಸುಬು ಅದು. ಆ ಕಸುಬಿನಲ್ಲಿ ಹೆಸರು ಮಾಡಿದ ಒಬ್ಬರು ಸಾವಿರಾರು ಮನೆಗಳ ಗೋಡೆಯನ್ನು ಊರವರ ಕೈಗೆ ಬಿಟ್ಟರು ಎಂಬುದನ್ನು ಎಷ್ಟು ಮೆಚ್ಚಿದರೂ ಸಾಲದು.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಮನೆಗೂ ಓಣಿಗೂ ನಡುವೆ ದೋಶಿಯವರ ತಂಡ ಅರ್ಧ ಮೀಟರಿನ ಒಂದು ಪಟ್ಟಿ ಬಿಟ್ಟಿತು. ಒಂದೂವರೆ ಅಡಿ ಚಿಲ್ಲರೆ. ಮನೆಯವರು ಅದರಲ್ಲಿ ಮೆಟ್ಟಿಲು ಮಾಡಿಕೊಳ್ಳಬಹುದು, ಜಗಲಿ ಕಟ್ಟಬಹುದು, ಮೇಲೆ ಬಾಲ್ಕನಿ ಚಾಚಬಹುದು. ಕೊಳೆಗೇರಿಗಳಲ್ಲಿ ಅಳೆದು ಬರೆದುಕೊಂಡ ಕಟ್ಟೆಗಳಿಗೆ ಈ ನಕ್ಷೆಯಲ್ಲಿ ಕಾನೂನಿನ ಜಾಗ ಸಿಕ್ಕಿದ್ದು ಹೀಗೆ. ಇಲ್ಲದಿದ್ದರೆ ಅದೇ ಕಟ್ಟೆ ಒತ್ತುವರಿ ಎನಿಸಿಕೊಳ್ಳುತ್ತಿತ್ತು, ಒಂದು ದಿನ ಜೆಸಿಬಿ ಬಂದು ಕಿತ್ತುಹಾಕುತ್ತಿತ್ತು.

ಒಂದೂವರೆ ಅಡಿಯಲ್ಲಿ ಏನಾಗುತ್ತದೆ ಎಂದು ಕೇಳುವವರು ಯಾವುದೇ ಹಳೆಯ ಪೇಟೆಯ ಓಣಿಗೆ ಸಂಜೆ ಐದಕ್ಕೆ ಹೋಗಬೇಕು. ಹೊಸ್ತಿಲ ಹೊರಗೆ ಒಂದು ಕಟ್ಟೆ. ಮಧ್ಯಾಹ್ನದ ಬಿಸಿಲು ಸರಿದು ಕಲ್ಲು ತಣ್ಣಗಾಗಿದೆ. ಅಜ್ಜಿ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತು ಅವರೆಕಾಳು ಸುಲಿಯುತ್ತಿದ್ದಾಳೆ. ಮಗಳ ಮಗ ಪಕ್ಕದಲ್ಲೇ ಮಗ್ಗಿ ಬರೆಯುತ್ತಾನೆ, ತಪ್ಪಿದರೆ ಎದುರುಮನೆಯವರು ತಿದ್ದುತ್ತಾರೆ. ತರಕಾರಿ ಗಾಡಿಯವನು ನಿಂತಾಗ ಒಳಗಿದ್ದವಳು ಹೊರಗೆ ಬರಬೇಕಾಗಿಯೇ ಇಲ್ಲ, ಅಜ್ಜಿಯೇ ಚೌಕಾಸಿ ಮಾಡಿ ಮುಗಿಸುತ್ತಾಳೆ. ಓಣಿಯಲ್ಲಿ ಹೊಸಬನೊಬ್ಬ ಕಾಲಿಟ್ಟರೆ ನಾಲ್ಕು ಜಗಲಿಗಳಿಂದ ನಾಲ್ಕು ಜೊತೆ ಕಣ್ಣು ಅವನ ಮೇಲೆ. ಯಾರ ಮನೆ ಬೇಕಾಗಿತ್ತು ಅಂತ ಒಂದು ಪ್ರಶ್ನೆ. ಇಡೀ ಓಣಿಗೆ ಇರುವ ಕಾವಲು ಅದೇ, ಅದಕ್ಕೆ ಸಂಬಳ ಕೊಡಬೇಕಾಗಿಲ್ಲ. ಗಂಡಸರ ಹರಟೆಗೆ ಊರಿನಲ್ಲಿ ಹೋಟೆಲ್ಲು, ಅರಳಿಕಟ್ಟೆ ಇರುತ್ತವೆ. ಹೆಂಗಸರು ಮನೆಗೆಲಸ ಬಿಡದೆಯೇ ಮನೆಯಿಂದಾಚೆ ಇರಬಹುದಾದ ಜಾಗ ಜಗಲಿ ಒಂದೇ. ಮೊರದಲ್ಲಿ ಬೀಡಿ ಎಲೆ ಇಟ್ಟುಕೊಂಡು ಸುರುಟುವವರಿಗೂ, ಮೊಳದ ಲೆಕ್ಕದಲ್ಲಿ ಮಲ್ಲಿಗೆ ಕಟ್ಟುವವರಿಗೂ ಅದು ಕೆಲಸದ ಜಾಗ. ಬೆಳಕಿರುತ್ತದೆ, ಗಾಳಿಯಾಡುತ್ತದೆ, ಮಾತಿಗೆ ಜೊತೆಯಿರುತ್ತದೆ.

ಸಾಮಾಜಿಕವಾಗಿ ಬಾಳಿಕೆ ಬರುವಂಥ ವಸತಿ ಎಂದು ಈಗ ವಿಚಾರ ಸಂಕಿರಣಗಳಲ್ಲಿ ಮಾತಾಡುತ್ತಾರೆ. ಆ ಮಾತಿಗೆ ಅರ್ಥವಿದ್ದರೆ ಅದು ಇಂಥ ಕಡೆ ಇದೆ. ಪಕ್ಕದ ಮನೆಯವರು ಆಸ್ಪತ್ರೆಗೆ ಹೋದಾಗ ಮಗುವನ್ನು ಯಾರ ಹತ್ತಿರ ಬಿಡುತ್ತಾರೆ, ಕೂಲಿ ಸಿಗದ ವಾರ ಅರ್ಧ ಸೇರು ಅಕ್ಕಿ ಯಾರ ಮನೆಯಿಂದ ಬರುತ್ತದೆ ಎಂಬುದು ಗೋಡೆಯ ದಪ್ಪದಿಂದ ತೀರ್ಮಾನವಾಗುವುದಿಲ್ಲ. ದಿನಾ ಮುಖ ನೋಡಿಕೊಳ್ಳುವ ಜಾಗ ಇದೆಯೇ ಎಂಬುದರಿಂದ ಆಗುತ್ತದೆ.

ದೋಶಿಯವರ ತಂಡ ಮಾದರಿಗೆಂದು ಎಂಬತ್ತು ಮನೆಗಳನ್ನು ತಾನೇ ಕಟ್ಟಿ ತೋರಿಸಿತು. ಒಂದೇ ಕೋಣೆಯದರಿಂದ ಹಿಡಿದು ಸಾಕಷ್ಟು ದೊಡ್ಡದರವರೆಗೆ, ಇದೇ ಪಾಯದ ಮೇಲೆ ಎಷ್ಟು ಬಗೆ ಸಾಧ್ಯ ಎಂದು ತೋರಿಸುವುದಷ್ಟೇ ಅವುಗಳ ಕೆಲಸ. ಅವುಗಳ ಫೋಟೋಗಳು ಪ್ರಸಿದ್ಧ. ಬಹಳ ಮನೆಗಳಲ್ಲಿ ಮಹಡಿಯ ಮೆಟ್ಟಿಲು ಹೊರಗಿದೆ. ಓಣಿಯಿಂದಲೇ ಶುರುವಾಗಿ ಗೋಡೆಗೆ ಅಂಟಿಕೊಂಡು ಮೇಲೇರಿ ತಾರಸಿಯನ್ನೋ ಬಾಲ್ಕನಿಯನ್ನೋ ಸೇರುತ್ತದೆ. ಒಳಗಿದ್ದಿದ್ದರೆ 35 ಚದರ ಮೀಟರಿನಲ್ಲಿ ಒಂದು ಮಂಚದಷ್ಟು ಜಾಗವನ್ನು ಮೆಟ್ಟಿಲೇ ನುಂಗುತ್ತಿತ್ತು, ಉಳಿತಾಯದ ಮಾತು ಅಲ್ಲಿಗೆ ಸರಿ. ಆದರೆ ಆ ಮೆಟ್ಟಿಲನ್ನು ಇನ್ನಷ್ಟು ಹೊತ್ತು ನೋಡಬೇಕು. ಮಗ ಮದುವೆಯಾದಾಗ ಮೇಲೆ ಒಂದು ಕೋಣೆ ಎತ್ತಿದರೆ ಹೊಸ ಸಂಸಾರಕ್ಕೆ ತನ್ನದೇ ದಾರಿ ಸಿಗುತ್ತದೆ. ಅತ್ತೆಮಾವ ಮಲಗಿದ ಕೋಣೆ ದಾಟಿ ಹೋಗಬೇಕಾಗಿಲ್ಲ. ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಟ್ಟರೆ ಬಾಡಿಗೆಯವರಿಗೂ ಮರ್ಯಾದೆಯ ಬಾಗಿಲು, ಮನೆಯವರಿಗೆ ತಿಂಗಳ ಕಂತಿನ ದುಡ್ಡು. ಮೊದಲ ನಾಲ್ಕು ಮೆಟ್ಟಿಲಂತೂ ಕೂರುವವರ ಪಾಲು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಸೈಕಲ್ಲೋ ಸೌದೆಯೋ ಇರಲು ಜಾಗ. ಮಾಳವದ ರಾತ್ರಿಗಳು ತಂಪಿಗೆ ಹೆಸರಾದವು. ಬೇಸಿಗೆಯಲ್ಲಿ ಹಾಸಿಗೆ ಸುತ್ತಿಕೊಂಡು ಮನೆಮಂದಿಯೆಲ್ಲ ತಾರಸಿಗೆ ಹೋಗಲು ಇರುವ ಏಣಿಯೂ ಅದೇ. ಕಿರಿದಾದ ಕಾಂಕ್ರೀಟ್ ತುಂಡೊಂದು ಇಷ್ಟು ಕೆಲಸ ಮಾಡುತ್ತದೆ. ಬಿಸಿಲಿನಲ್ಲಿ ಅದರ ನೆರಳು ಗೋಡೆಯ ಮೇಲೆ ಗರಗಸದ ಹಲ್ಲಿನ ಹಾಗೆ ಬಿದ್ದು, ಸುಣ್ಣ ಬಳಿದ ಸಾದಾ ಗೋಡೆಗೆ ಒಂದು ಅಲಂಕಾರವೂ ಆಗುತ್ತದೆ.

ಸೈಟುಗಳನ್ನು ಹಂಚಿದ ರೀತಿಯ ಬಗ್ಗೆ ಆಗಲೇ ಹೇಳಿದೆ, ಆಮೇಲೆ ಬರುತ್ತೇನೆ ಎಂದು. ಬಡಾವಣೆಯಲ್ಲಿ ಆರು ವಲಯಗಳಿವೆ, ನಡುವೆ ಅಂಗಡಿ ಮುಂಗಟ್ಟಿನ ಒಂದು ಬೆನ್ನೆಲುಬು. ಪ್ರತಿ ವಲಯದಲ್ಲಿ ಏಳರಿಂದ ಹನ್ನೆರಡು ಸಾವಿರ ಜನ. ಅನುಕೂಲಸ್ಥರ ದೊಡ್ಡ ಸೈಟುಗಳು ಹೊರ ಅಂಚಿನಲ್ಲೂ ಆ ಬೆನ್ನೆಲುಬಿನ ಬದಿಯಲ್ಲೂ ಬಂದರೆ, ಬಡವರ ಸೈಟುಗಳು ಪ್ರತಿ ವಲಯದ ಮಧ್ಯದಲ್ಲಿ ಬಂದವು. ದೊಡ್ಡ ಸೈಟಿನ ಬೆಲೆಯಲ್ಲಿ ಸಿಕ್ಕ ಲಾಭದಿಂದ ಸಣ್ಣ ಸೈಟಿನ ಬೆಲೆ ತಗ್ಗಿಸಲು ಆಯಿತು. ಮಧ್ಯದಲ್ಲಿ ಇರುವುದರಿಂದ ಬಡವರ ಮಕ್ಕಳಿಗೆ ವೇಗದ ವಾಹನಗಳ ರಸ್ತೆ ದೂರವಾಯಿತು. ವಲಯವನ್ನು ಓರೆಯಾಗಿ ಸೀಳಿಕೊಂಡು ಹೋಗುವ ಹಸಿರು ಪಟ್ಟಿ ಅವರ ಮನೆಯ ಹತ್ತಿರವೇ ಬಂತು. ಹತ್ತು ಹತ್ತು ಮನೆಗಳ ಗುಂಪು, ಪ್ರತಿ ಮನೆಗೂ ಹಿಂದೆ ಹಿತ್ತಲು, ಮುಂದೆ ಓಣಿ. ಮನೆಗಳು ಪಕ್ಕದ ಗೋಡೆಗಳನ್ನು ಹಂಚಿಕೊಂಡು ನಿಂತದ್ದರಿಂದ ಬಿಸಿಲು ಬೀಳುವ ಮೈಯೂ ಕಡಿಮೆ.

ಎಲ್ಲರನ್ನೂ ಬೆರೆಸಿಬಿಟ್ಟರು ಎಂದು ಇದನ್ನು ಹೊಗಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಂಗಲೆಯ ಪಕ್ಕದಲ್ಲೇ ಒಂದಂಕಣದ ಮನೆ ಬಂದಿಲ್ಲ, ಶ್ರೀಮಂತರ ಬದಿ ಶ್ರೀಮಂತರದ್ದೇ. ಆದರೂ ಮನೆಗೆಲಸಕ್ಕೆ ಹೋಗುವವಳು ಎರಡು ಬಸ್ಸು ಹಿಡಿಯದೆ ನಡೆದುಹೋಗುವಷ್ಟು ಹತ್ತಿರ, ಬಡಗಿಗೆ ಗಿರಾಕಿಗಳು ಆಚೆ ಬೀದಿಯಲ್ಲೇ ಸಿಗುವಷ್ಟು ಹತ್ತಿರ ಅವರೆಲ್ಲ ಇದ್ದಾರೆ. ಹಿಂದೂ, ಮುಸ್ಲಿಂ, ಜೈನ, ಸಿಖ್ ಕುಟುಂಬಗಳು ಒಂದೇ ಬಡಾವಣೆಗೆ ಬಂದು ನೆಲೆಸಿದವು. ನಮ್ಮ ಊರುಗಳ ಬಡಾವಣೆಗಳು ಈಗ ಯಾವ ದಿಕ್ಕಿಗೆ ಹೊರಟಿವೆ ಎಂದು ನೋಡಿದವರಿಗೆ ಇಷ್ಟು ದೊಡ್ಡ ಸಾಧನೆ ಎಂದು ಅನ್ನಿಸದೆ ಇರದು.

ಈ ಕಣ್ಣು ದೋಶಿಯವರಿಗೆ ಎಲ್ಲಿಂದ ಬಂತು? 1927ರಲ್ಲಿ ಅವರು ಹುಟ್ಟಿದ್ದು ಪುಣೆಯಲ್ಲಿ. ಅಜ್ಜನದು ಪೀಠೋಪಕರಣದ ಕೆಲಸ, ತುಂಬು ಕುಟುಂಬ. ಸಂಸಾರ ಬೆಳೆದಂತೆ ಆ ಮನೆಯೂ ಬೆಳೆಯುತ್ತಿತ್ತು. ಕೋಣೆ ಸೇರುತ್ತಿತ್ತು, ಮಹಡಿ ಏಳುತ್ತಿತ್ತು. ಮುಪ್ಪಿನವರೆಗೂ ದೋಶಿ ಆ ಮನೆಯನ್ನು ನೆನೆಯುತ್ತಿದ್ದರು. ಆಮೇಲೆ ಪ್ಯಾರಿಸ್ಸಿನಲ್ಲಿ ಲೆ ಕಾರ್ಬೂಸಿಯೆ ಬಳಿ ಕೆಲಸ, ಅಹಮದಾಬಾದಿನಲ್ಲಿ ಗುರುವಿನ ಕಟ್ಟಡಗಳ ಉಸ್ತುವಾರಿ, ತಮ್ಮದೇ ಕಚೇರಿ. ಕನ್ನಡನಾಡಿನವರಿಗೆ ಅವರು ಹೆಚ್ಚಾಗಿ ಗೊತ್ತಿರುವುದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂನಿಂದ. ಬೂದು ಕಲ್ಲಿನ ಆ ಉದ್ದನೆಯ ಓಣಿಗಳಲ್ಲಿ, ಬಳ್ಳಿ ಹಬ್ಬಿದ ಚಪ್ಪರದ ಕೆಳಗೆ ನಡೆದವರಿಗೆ ಒಂದು ಸಂಗತಿ ನೆನಪಿರುತ್ತದೆ. ಅಲ್ಲಿ ತರಗತಿಗಿಂತ ತರಗತಿಗಳ ನಡುವಿನ ಜಾಗವೇ ದೊಡ್ಡದು ಅನ್ನಿಸುತ್ತದೆ. ಕೂರಲು ಕಟ್ಟೆ, ಮೇಲಿನಿಂದ ಇಳಿಯುವ ಬೆಳಕು, ತಿರುವಿನಲ್ಲಿ ಸಿಗುವ ಗೆಳೆಯ. ಮ್ಯಾನೇಜ್‌ಮೆಂಟ್ ಓದುವವರಿಗೆ ಕಲ್ಲಿನಲ್ಲಿ ಕಟ್ಟಿಕೊಟ್ಟದ್ದನ್ನೇ ದೋಶಿ ಇಂದೋರಿನ ಕೂಲಿಯವರಿಗೆ ಅರ್ಧ ಮೀಟರಿನಲ್ಲಿ ಕೊಟ್ಟರು. 2018ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. 2023ರ ಜನವರಿಯಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬೆಳೆಯುವ ಮನೆಯ ವಿಚಾರ ಅವರೊಬ್ಬರದ್ದೇ ಅಲ್ಲ. ನವಿ ಮುಂಬಯಿಯ ಬೇಲಾಪುರದಲ್ಲಿ ಚಾರ್ಲ್ಸ್ ಕೊರಿಯಾ ಅದೇ ಎಂಬತ್ತರ ದಶಕದಲ್ಲಿ ಏಳೇಳು ಮನೆಗೊಂದು ಅಂಗಳದಂತೆ 550 ಕುಟುಂಬಗಳಿಗೆ ಬಡಾವಣೆ ಮಾಡಿದರು. ಅಕ್ಕಪಕ್ಕದವರ ಗೋಡೆಗೆ ತಾಗದ ಹಾಗೆ ಪ್ರತಿ ಮನೆಯೂ ತನ್ನಷ್ಟಕ್ಕೆ ಬೆಳೆಯಲಿ ಎಂದು ಬಿಟ್ಟರು. ಸೈಟುಗಳ ಅಳತೆ 45ರಿಂದ 75 ಚದರ ಮೀಟರ್ ಒಳಗೇ ಇತ್ತು, ಅಂತರ ತೀರ ಕಡಿಮೆ. ಚಿಲಿ ದೇಶದ ಇಕಿಕೆಯಲ್ಲಿ 2004ರಲ್ಲಿ ಅಲೆಹಾಂದ್ರೊ ಅರಾವೆನಾ ಸರ್ಕಾರ ಕೊಟ್ಟ ದುಡ್ಡಿನಲ್ಲಿ ಸುಮಾರು ನೂರು ಕುಟುಂಬಗಳಿಗೆ ಅರ್ಧರ್ಧ ಮನೆ ಕಟ್ಟಿ, ಉಳಿದರ್ಧಕ್ಕೆ ಜಾಗ ಬಿಟ್ಟ. ಆ ಕುಟುಂಬಗಳು ಮೂವತ್ತು ವರ್ಷ ಬಾಳಿದ್ದ ನೆಲದಲ್ಲೇ, ಊರಿನ ನಡುವೆಯೇ ಉಳಿದವು. ಅದು ಜಗತ್ತಿನಲ್ಲೆಲ್ಲ ಸುದ್ದಿಯಾಯಿತು. ಆಗಲೇಬೇಕಾದ್ದೇ. ಆದರೆ ಇಪ್ಪತ್ತು ವರ್ಷ ಮೊದಲೇ ಇಂದೋರಿನಲ್ಲಿ ಅರ್ಧವೂ ಅಲ್ಲದ, ಹೆಚ್ಚುಕಡಿಮೆ ಪಾಯವಷ್ಟೇ ಇದ್ದ ಮನೆ ಎಷ್ಟು ದೂರ ಬೆಳೆಯಬಲ್ಲದು ಎಂದು ಬಡವರು ತೋರಿಸಿದ್ದರು ಎಂಬುದನ್ನೂ ಅದರ ಜೊತೆಗೆ ಹೇಳಬೇಕು.

ನಮ್ಮಲ್ಲಿ ಈಗ ನಡೆದಿರುವುದು ಇದಕ್ಕೆ ತಿರುವುಮುರುವು. ನಗರಗಳಲ್ಲಿ ಗುಡಿಸಲು ತೆಗೆದು ನಾಲ್ಕಂತಸ್ತಿನ ಕಟ್ಟಡದಲ್ಲಿ ಒಂದೊಂದು ಮನೆ ಕೊಡುತ್ತಾರೆ. ಗಟ್ಟಿ ಸೂರು, ಮನೆಯೊಳಗೇ ಕಕ್ಕಸು. ಇದನ್ನು ಹಗುರವಾಗಿ ಕಾಣುವ ಹಕ್ಕು ಸೋರುವ ತಗಡಿನ ಕೆಳಗೆ ಮಲಗದವರಿಗೆ ಇಲ್ಲ. ಆದರೆ ಮೂರನೆಯ ಮಹಡಿಯಲ್ಲಿ ಹೂ ಕಟ್ಟುವವಳು ಎಲ್ಲಿ ಕೂರಬೇಕು? ತಳ್ಳುಗಾಡಿಯನ್ನು ರಾತ್ರಿ ಎಲ್ಲಿ ನಿಲ್ಲಿಸಬೇಕು? ಮಗನಿಗೆ ಮದುವೆಯಾದರೆ ಕೋಣೆ ಯಾವ ಕಡೆಗೆ ಬೆಳೆಯಬೇಕು? ಕೊಟ್ಟ ದಿನವೇ ಮುಗಿದುಹೋದ ಮನೆ ಅದು, ಸಂಸಾರ ಮಾತ್ರ ಮುಗಿದಿರುವುದಿಲ್ಲ. ಆ ಕಟ್ಟಡಗಳ ಕತ್ತಲೆ ಕಾರಿಡಾರಿನ ಉದ್ದಕ್ಕೂ ಬಾಗಿಲಾಚೆ ಇಟ್ಟ ಚಪ್ಪಲಿ, ನೀರಿನ ಕೊಡ, ತುಳಸಿಯ ಡಬ್ಬ, ಒಂದು ಪ್ಲಾಸ್ಟಿಕ್ ಕುರ್ಚಿ ಕಾಣುತ್ತವೆ. ಅಲ್ಲಿಗೆ ಬಂದ ಜನ ತಮ್ಮ ಜಗಲಿಯನ್ನು ಮತ್ತೆ ಕಟ್ಟಿಕೊಳ್ಳಲು ಪಡುತ್ತಿರುವ ಪಾಡು ಅದು. ಪ್ರತಿ ಅಂತಸ್ತಿನಲ್ಲೂ ಬಾಗಿಲ ಮುಂದೆ ಮೂರಡಿ ಅಗಲಿಸಿ, ಬೆಳಕು ಬಿಟ್ಟಿದ್ದರೆ ಆಗುತ್ತಿದ್ದ ಖರ್ಚು ಎಷ್ಟೂ ಅಲ್ಲ.

‘ಅರಣ್ಯ’ದಲ್ಲಿ ಎಲ್ಲವೂ ಅಂದುಕೊಂಡಂತೆ ನಡೆಯಲಿಲ್ಲ. ಬಡಾವಣೆಗೆ ಬೆಲೆ ಬಂದಂತೆ ಸೈಟು ಮಾರಿ ಬೇರೆಡೆಗೆ ಹೋದ ಬಡವರಿದ್ದಾರೆ. ಅವರ ಜಾಗಕ್ಕೆ ಹೆಚ್ಚು ಉಳ್ಳವರು ಬಂದರು. ಮಾರುವ ಹಕ್ಕು ಅವರದೇ, ಆಸ್ತಿ ಕೈಗೆ ಬಂದದ್ದರ ಫಲವೇ ಅದು ಎನ್ನಬಹುದು. ಹಾಗಿದ್ದರೂ ಮಗಳ ಮದುವೆಗೋ ಆಸ್ಪತ್ರೆಯ ಸಾಲಕ್ಕೋ ಸೈಟು ಕಳೆದುಕೊಂಡು ಮತ್ತೆ ಗುಡಿಸಲಿಗೆ ಹೋಗುವ ಸಂಸಾರವನ್ನು ಯಾವ ನಕ್ಷೆಯೂ ತಡೆಯಲಾರದು. ಅದಕ್ಕೆ ಬೇಕಾದದ್ದು ಬೇರೆ ಬಗೆಯ ಆಸರೆ. ಆ ಎಂಬತ್ತು ಮಾದರಿ ಮನೆಗಳೂ ಬದಲಾಗಿವೆ. ಮಹಡಿಗಳು ಏರಿವೆ, ಬಾಲ್ಕನಿಗೆ ಗ್ರಿಲ್ ಬಂದಿದೆ, ಗೋಡೆಗೆ ಟೈಲ್ಸ್ ಬಂದಿದೆ. ಹಳೆಯ ಫೋಟೋ ಕೈಯಲ್ಲಿ ಹಿಡಿದು ಹೋದ ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಅವನ್ನು ಗುರುತಿಸುವುದೇ ಕಷ್ಟ. ಹೊರಗಿನ ಮೆಟ್ಟಿಲಿಗೆ ಗೋಡೆ ಎತ್ತಿ ಬೀಗ ಹಾಕಿಕೊಂಡ ಕಡೆ ಮಾತ್ರ ನನಗೆ ಬೇಸರ. ಅಲ್ಲಿ ಮನೆ ದೊಡ್ಡದಾಯಿತು, ಓಣಿ ಒಂದು ಆಸನ ಕಳೆದುಕೊಂಡಿತು.

ದೋಶಿ ಇಂಥ ಬದಲಾವಣೆಗಳನ್ನು ತಮ್ಮ ಕೃತಿಗೆ ಆದ ಹಾನಿ ಎಂದು ಎಣಿಸಿದವರಲ್ಲ. ಅಹಮದಾಬಾದಿನಲ್ಲಿ ಅವರು 1973ರಲ್ಲಿ ಮುಗಿಸಿದ ಎಲ್‌ಐಸಿ ವಸತಿಗೃಹಗಳಿವೆ. ಕೆಳಗೆ ದೊಡ್ಡ ಮನೆ, ಮೇಲೆ ಹೋದಂತೆ ಚಿಕ್ಕದು, ತುದಿಯ ಮನೆಗೆ ತಾರಸಿ. ಅಲ್ಲಿನವರು ದಶಕಗಳ ಉದ್ದಕ್ಕೂ ಕೋಣೆ ಸೇರಿಸಿದರು, ತಾರಸಿ ಮುಚ್ಚಿದರು, ಬಣ್ಣ ಬದಲಿಸಿದರು. ಅದನ್ನೆಲ್ಲ ದೋಶಿ ಖುಷಿಯಿಂದಲೇ ನೋಡುತ್ತಿದ್ದರು, ಜನ ಮನೆಯನ್ನು ತಮ್ಮದು ಮಾಡಿಕೊಂಡಿದ್ದಾರೆ ಎಂದು ಮೆಚ್ಚಿ ಮಾತಾಡುತ್ತಿದ್ದರು.

ಇಂದೋರಿಗೆ ಹೋಗುವವರಿಗೆ ‘ಅರಣ್ಯ ನಗರ’ ಎಂದರೆ ಆಟೋದವರು ಕರೆದುಕೊಂಡು ಹೋಗುತ್ತಾರೆ. ಮಾದರಿ ಮನೆಗಳನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಯಾವುದಾದರೂ ಒಂದು ವಲಯದ ಒಳಗೆ, ಮಧ್ಯದ ಸಣ್ಣ ಸೈಟುಗಳ ಓಣಿಗೆ ನಡೆದುಹೋಗಿ. ಆ ಮನೆಗಳ ಗೋಡೆಯಲ್ಲಿ ದೋಶಿಯವರ ಗೆರೆ ಒಂದೂ ಇಲ್ಲ. ಕಿಟಕಿಯ ಮೇಲಿನ ಸಜ್ಜಾ ಮೇಸ್ತ್ರಿಯದು, ಬಾಗಿಲಿನ ಬಣ್ಣ ಮನೆಯವರದು. ಅವರು ಕೊಟ್ಟ ಪಾಯ ನೆಲದಲ್ಲಿ ಹುಗಿದುಹೋಗಿದೆ, ಚರಂಡಿ ಕಾಣಿಸುವುದಿಲ್ಲ. ಸಂಜೆಯ ಹೊತ್ತಾದರೆ ಒಳ್ಳೆಯದು, ಯಾರಾದರೂ ಜಗಲಿಯ ಮೇಲಿಂದ ಯಾರ ಮನೆ ಬೇಕಾಗಿತ್ತು ಎಂದು ಕೇಳುತ್ತಾರೆ.